ನಮ್ಮ ಚಾಳಿಗೆ ಹೆಳವ ಬಂದಿದ್ದ

ತಮ್ಮ ಶಂಕ್ರೆಪ್ಪನಿಗೆ ಅಕ್ಕ ಮಲ್ಲವ್ವನ ಆಶೀರ್ವಾದ.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಮಾತು ಬಿಟ್ಟವರು ನಾವು, ಎಷ್ಟೋ ವರ್ಷವಾಯಿತು. ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಇವತ್ತು ಬೈಕುಲ್ಲಾದ ನಮ್ಮ ಚಾಳಿಗೆ ಹೆಳವ ಬಂದಿದ್ದ. ಊರಲ್ಲಿ ಎತ್ತಿನ ಮೇಲೆ ಬಂದು ಮನೆತನದ ತಲೆತಲಾಂತರದ ಹೆಸರುಗಳನ್ನು ಹೇಳುತ್ತಿದ್ದನಲ್ಲ, ಅವನೇ.

"ಎತ್ತೆಲ್ಲೋ ಹೆಳವಪ್ಪಾ?" ಎಂದೆ.

"ಲೋಕಲ್ ಗಾಡ್ಯಾಗ ಅದಕ್ಕ ನಿಲ್ಲಾಕ ಜಾಗಾ ಸಿಗಲಿಲ್ಲವ್ವಾ!"

ವಿಭೂತಿ ಹಚ್ಚಿಕೊಂಡು ಕೈಮುಗಿದು ಕೂತೆ. ಅವನು ಗಂಟೆ ಬಾರಿಸಿ ಶುರುಮಾಡಿದ. ಎಂಟು ತಲೆಮಾರಿನ ಹಿಂದೆ ನಮ್ಮ ಮೂಲಪುರುಷ ಸಂಗಪ್ಪ ವಿಜಾಪುರದ ಕಡೆಯಿಂದ ಮಗ್ಗ ಹೊತ್ತು ಬಂದು, ಮುಳ್ಳುಕಂಟಿ ಕಡಿದು ಮನೆ ಕಟ್ಟಿದನಂತೆ. ನಮ್ಮೂರಿಗೆ ಅದೇ ಮೊದಲ ಮನೆ! ನಮ್ಮನ್ನು ಹೊರಗಿನವರೆಂದು ಹಂಗಿಸುತ್ತಿದ್ದ ಗೌಡರ ಮನೆಯವರೇ ಆಮೇಲೆ ಬಂದವರು. ಪಕ್ಕದ ಖೋಲಿಯ ಸಖೂಬಾಯಿ "ಅಗ್ಗ ಬಾಯಿ, ಆಠ ಪಿಢ್ಯಾ!" ಎಂದು ಎಂಟು ತಲೆಮಾರಿಗೆ ಬೆರಗಾಗಿ ಗಲ್ಲಕ್ಕೆ ಕೈಯಿಟ್ಟಾಗ ನನ್ನ ಎದೆ ಉಬ್ಬಿತು.

ಅಪ್ಪನ ಹೆಸರಾಯಿತು, ನಿನ್ನ ಹೆಸರೂ ಬಂತು. ಹೆಳವ ಅಲ್ಲಿ ನಿಲ್ಲಿಸಿದ.

"ಶಂಕ್ರೆಪ್ಪಗ ಮಕ್ಕಳೆಷ್ಟವ್ವಾ? ಹೆಸರೇನೇನು?"

ಹಿರಿಯರ ಹೆಸರೆಲ್ಲ ಆಗಲೇ ನನಗೆ ಬಾಯಿಪಾಠವಾಗಿತ್ತು. ನಿನಗೆ ಮಕ್ಕಳಾಗಿದ್ದಾರೆಂದು ಕೇಳಿದ್ದೆನೇ ಹೊರತು, ಎಷ್ಟು ಜನ, ಹೆಸರೇನು ಎಂಬುದು ಗೊತ್ತಿರಲಿಲ್ಲ.

"ಅವ ಭಾಂಡುಪಿನ್ಯಾಗ ಇರತಾನ, ಅವನ್ನ ಕೇಳು" ಎಂದೆ. ಸಂಗಪ್ಪಜ್ಜನ ಹೆಸರಲ್ಲಿ ಒಂದು ಧೋತರ ಕೊಟ್ಟು, ನಾನೇ ಸ್ಟೇಷನ್ನಿಗೆ ಹೋಗಿ ಅವನನ್ನು ಗಾಡಿ ಹತ್ತಿಸಿದೆ. ನಿನ್ನ ಬಾಗಿಲಿಗೆ ಬಂದಾಗ ಮಕ್ಕಳನ್ನು ಎದುರಿಗೆ ಕೂಡಿಸು. ತಾವು ಯಾರ ಮನೆಯವರೆಂದು ಅವರೂ ಕೇಳಲಿ.

ಗಾಡಿ ಬಿಡುವಾಗ ಹೆಳವನಿಗೆ ಇಷ್ಟೇ ಹೇಳಿದೆ: "ಊರಿಗೆ ಹೊಳ್ಳಿ ಹೋಗೋಮುಂದ ಆ ಮಕ್ಕಳ ಹೆಸರು ನನಗೂ ಹೇಳಿ ಹೋಗೋ ಯಪ್ಪಾ."