ಡ್ರಮ್ಮಿನ ಮೇಲಿನ ಕೆಂಪಕ್ಷರ

ಸಿ.ಎಸ್. ಪುರ
೯-೪-೧೯೮೪

ಪ್ರಿಯ ಗೆಳೆಯ ಅಬ್ದುಲ್ ಖಾದರನಿಗೆ ಗಂಗಹನುಮಯ್ಯನ ನಮಸ್ಕಾರಗಳು.

ಸಮಸ್ತ ತುಮಕೂರು ಜಿಲ್ಲೆಗೆ ಈ ಮೂಲಕ ಸಾರುವುದೇನೆಂದರೆ: ನಮ್ಮ ಮನೆಯ ಕೆಂದ ಬೆಕ್ಕು ಎರಡು ವರ್ಷಗಳ ವನವಾಸ ಮುಗಿಸಿ, ಸೌದೆ ಒಲೆಯ ಬೂದಿಯ ಮೇಲೆ ಪುನಃ ಪಟ್ಟಾಭಿಷಿಕ್ತವಾಗಿದೆ. ನೀನು ಮಾಡಿಕೊಟ್ಟ ಡ್ರಮ್ಮು ಗುಂಡಿಯ ಮೇಲೆ ಕೂತು, ಗೋಬರ್ ಗ್ಯಾಸು ಅಡುಗೆಮನೆಗೆ ಬಂದ ದಿನ, ಬೆಚ್ಚನೆ ಬೂದಿ ಹೋಯಿತೆಂದು ಮುನಿಸಿಕೊಂಡು ಅಟ್ಟ ಸೇರಿದ ಮಹಾರಾಯ ಅದು. ಈಗ ಮೀಸೆಗೆಲ್ಲ ಬೂದಿ ಬಳಿದುಕೊಂಡು ಗೊರಕೆ ಹೊಡೆಯುತ್ತಿದೆ.

ಪತ್ರ ತಡವಾಯಿತು, ಕ್ಷಮಿಸು. ನೀನು ಮೊಮ್ಮಗನನ್ನು ನೋಡಲು ಬಳ್ಳಾರಿಗೆ ಹೋಗಿದ್ದೆ; ಅಲ್ಲಿಗೆ ಬರೆಯಲು ಕೈ ಬರಲಿಲ್ಲ. ಮರಳಿದವನೇ ಕಾರ್ಡು ಹಾಕಿದ್ದೀ: "ಗ್ಯಾಸು ಹೆಂಗೆ ಉರೀತಿದೆ? ನಿನ್ ತಮ್ಮ ನಮ್ ವೆಲ್ಡಿಂಗ್ ಶೆಡ್ಡಿನ ಕಡೆ ತಲೇನೇ ಹಾಕಿಲ್ವಲ್ಲೋ?" ಬೆಕ್ಕಿನ ಸಮಾಚಾರ ಮೊದಲು ಬರೆದದ್ದು ಈ ಎರಡು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಿಕ್ಕೆ.

ಗ್ಯಾಸು ಉರಿಯುತ್ತಿಲ್ಲ. ತಮ್ಮ ಸಿದ್ದಯ್ಯ ಇಲ್ಲ ಕಣೋ, ಖಾದರ್.

ಆ ಗುಂಡಿಗೆ ಅವನು ಎಂಥ ದಿವಾನನಾಗಿದ್ದನೆಂದು ನಿನಗೆ ಗೊತ್ತು. ಎತ್ತು ಬಾಲ ಎತ್ತಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದ. ನೆಂಟರು ಬಂದರೆ ಕಾಫಿಗಿಂತ ಮುಂಚೆ ಸಗಣಿ ಕಲೆಸುವ ತೊಟ್ಟಿಯ ದರ್ಶನ ಮಾಡಿಸುತ್ತಿದ್ದ. ಈ ಸಲ ರಾಗಿ ಒಕ್ಕಣೆ ಮುಗಿದ ಮೇಲೆ ಹೊಸ ಯೋಜನೆ ಹೂಡಿದ.

"ಹಸ ಹುಲ್ಲು ತಿಂದು ಹಾಕಿದ್ರೇ ಇಷ್ಟು ಗ್ಯಾಸು ಬತ್ತದಲ್ಲಣ್ಣ, ಹುಲ್ಲನ್ನೇ ನೇರ ಹಾಕಿದ್ರೆ? ಮಧ್ಯದಾಗೆ ಹಸ ಯಾಕೆ, ದಲ್ಲಾಳಿ ಇದ್ದಂಗೆ!"

ಎಲ್ಲರೂ ನಕ್ಕೆವು. ಕಣದಲ್ಲಿ ಉಳಿದ ಹುಲ್ಲು, ಹೊಟ್ಟು, ಕಡಲೆಕಾಯಿ ಬಳ್ಳಿ, ಒಂದನ್ನೂ ಕೊಚ್ಚದೆ ಸುರಿದ. ಅದೆಲ್ಲ ತೇಲಿ, ಮೇಲೆ ದಪ್ಪ ರೊಟ್ಟಿಯಂತೆ ಕಟ್ಟಿಕೊಂಡಿತು. ಗ್ಯಾಸು ತುಂಬದೆ ಡ್ರಮ್ಮು ಮೇಲೇಳುವುದೇ ನಿಂತಿತು.

ಶಿವರಾತ್ರಿ ಕಳೆದ ಮರುವಾರ ಜನ ಸೇರಿಸಿ ಡ್ರಮ್ಮನ್ನು ಎತ್ತಿ ಪಕ್ಕಕ್ಕಿಟ್ಟೆವು. ಅರ್ಧ ಬಗ್ಗಡವನ್ನು ಮೇಲಿಂದಲೇ ಮೊಗೆದೆವು. ತಳದ್ದನ್ನು ತೆಗೆಯಲು ಸಿದ್ದಯ್ಯ ಏಣಿ ಇಳಿದ. ಬಕೆಟ್ಟಿನ ಹಗ್ಗ ನನ್ನ ಕೈಯಲ್ಲಿತ್ತು. "ಎಳಿಯಣ್ಣ, ನಿದ್ದೆಗಿದ್ದೆ ಬಂತಾ?" ಎಂದ. ಮುಂದಿನ ಬಕೆಟ್ಟು ಖಾಲಿ ಬಂತು. ಕೂಗಿದರೆ ಓಗೊಡಲಿಲ್ಲ.

ನಾನು ಏಣಿಗೆ ಕಾಲಿಟ್ಟೆ. ಅವ್ವ ನನ್ನ ಪಂಚೆ ಹಿಡಿದು ನೆಲಕ್ಕೆ ಕೂತುಬಿಟ್ಟಳು. "ಒಬ್ಬ ಸಾಕು ಕಣ್ಲಾ, ಒಬ್ಬ ಸಾಕು" ಎನ್ನುತ್ತಲೇ ಇದ್ದಳು, ಬಿಡಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಹಾಕಿ ಅವನನ್ನು ತೆಗೆದೆವು. ಒಳಗಿನ ಕೆಟ್ಟ ಗಾಳಿ ಕುಡಿದು ಹೋಗಿದ್ದಾನೆ ಎಂದರು ಡಾಕ್ಟರು.

ಅವನ ಹೆಂಡತಿ ಪುಟ್ಟಗಂಗಮ್ಮ ಆ ಗ್ಯಾಸಿನ ಒಲೆಯನ್ನು ಕಿತ್ತು ಹಿತ್ತಿಲಿಗೆ ಎಸೆದು, ಸೌದೆ ಹಚ್ಚಿದ್ದಾಳೆ. ಹೊಗೆಗೆ ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ಈ ಮನೆಯಲ್ಲಿ ಸುಖವಾಗಿರುವುದು ಬೆಕ್ಕೊಂದೇ.

ಅತ್ತಿಗೆ ಕುಲ್ಸುಂ ಬೀ ಅವರಿಗೆ ನಮಸ್ಕಾರ ತಿಳಿಸು. ಮೊಮ್ಮಗ ನೂರು ಕಾಲ ಬಾಳಲಿ. ನಿನ್ನ ಮೂಗೊಂದು ಅವನಿಗೆ ಬಾರದಿರಲಿ.

ನಿನ್ನ,
ಗಂಗಹನುಮಯ್ಯ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು. ಬೇರೆಯವರ ಬಾಯಿಂದ ನಿನಗೆ ತಲುಪಬಾರದು. ಹಳೇ ಬಾವಿಯ ಹೂಳೆತ್ತುವಾಗ ಮೊದಲು ಹಚ್ಚಿದ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ ಎಂದು ಯಾರೂ ಇಳಿಯುವುದಿಲ್ಲ. ಅವತ್ತು ಅವ್ವ ಲಾಟೀನು ಹಚ್ಚಿಯೇ ತಂದಿದ್ದಳು. ಸಿದ್ದಯ್ಯ ಓಡಿಹೋಗಿ, ದೂರದಲ್ಲೇ ಅದನ್ನು ಊದಿ ಆರಿಸಿದ. ಡ್ರಮ್ಮಿನ ಮೇಲೆ ನೀನು ಬರೆದ ಕೆಂಪಕ್ಷರ ತೋರಿಸಿ, "ಹತ್ರ ಬೆಂಕಿ ತರಬಾರದು ಅಂತ ಖಾದರಣ್ಣ ಬರ್ದವ್ನೆ, ನೋಡವ್ವ" ಎಂದ. ಆಮೇಲೆ ಇಳಿದ.

ನೀನು ಬರೆದದ್ದು ಸರಿ ಕಣೋ. ಅಲ್ಲಿ ದೀಪ ಇಳಿಬಿಟ್ಟಿದ್ದರೆ ನಾವೆಲ್ಲ ಸುಟ್ಟುಹೋಗುತ್ತಿದ್ದೆವೋ ಏನೋ. ಬರೆದದ್ದು ತಪ್ಪಲ್ಲ, ಅರ್ಧ. ಒಂದು ಉಪಕಾರ ಮಾಡು. ಇನ್ನು ಮುಂದೆ ಮಾಡುವ ಡ್ರಮ್ಮುಗಳಿಗೆಲ್ಲ ಆ ಸಾಲಿನ ಕೆಳಗೆ, ಅದೇ ಬಣ್ಣದಲ್ಲಿ, ಅಷ್ಟೇ ದಪ್ಪಕ್ಕೆ ಇನ್ನೊಂದು ಸಾಲು ಬರೆ: ಗುಂಡಿಗೆ ಇಳಿಯಬಾರದು.