ಹದಿನೇಳನೇ ಗುಂಡಿಯ ಷರಾ

ಜನವರಿ 9, ಬೆಳಿಗ್ಗೆ 7.30
ಬಳೆ ತೆಗೆದೆ, ಉಂಗುರ ತೆಗೆದೆ. ಅಗೆಯಲಷ್ಟೇ ಗುದ್ದಲಿ, ನಮೂನೆ ಎತ್ತಲು ಪ್ಲಾಸ್ಟಿಕ್ ಸೌಟು, ಬಟ್ಟೆ ಚೀಲ, ಜಿಪಿಎಸ್, ಫೀಲ್ಡ್ ಬುಕ್. ಮೈಮೇಲಿನ ಲೋಹ ಮಣ್ಣಿಗೆ ತಾಗಬಾರದು — ಪಿಎಚ್‌ಡಿ ಗೈಡ್ ಸುಜಯ ಸರ್ ಕಲಿಸಿದ ಮೊದಲ ಪಾಠ.

ಮುಗಳಖೋಡದ ಆಚೆ, ಹಿಂದೆ ಅದಿರು ಅಗೆದು ಕಬ್ಬಿಣ ಕಾಯಿಸುತ್ತಿದ್ದ ಜಾಗ. ಅದಿರು ಕರಗಿ ಉಳಿದ ಕಿಟ್ಟದ ದಿಬ್ಬ ಇನ್ನೂ ಇದೆ. ಸುತ್ತಲ ಹೊಲಗಳಿಗೆ ವಿಷಲೋಹ ಏನಾದರೂ ಇಳಿದಿದೆಯೇ ನೋಡಬೇಕು. ಇನ್ನೂರು ಮೀಟರಿಗೊಂದು ಗುಂಡಿ, ಒಟ್ಟು ನಲವತ್ತು. ಇವತ್ತು ಹದಿನೇಳನೆಯದು.

ಸಂಜೆ
ಹದಿನೇಳು ಬಿದ್ದದ್ದು ಗಿರಿಜವ್ವ ಆಯಿಯ ಅರಿಷಿಣದ ಹೊಲದಲ್ಲಿ. ಗುದ್ದಲಿ ಎತ್ತಿದ್ದೇ ತಡ — "ನಿಲ್ಲ ಬೇ ತಂಗಿ! ಭೂಮಿತಾಯಿನ್ನ ಕೇಳದ ಅಗೀತಾರೇನ?" ಮೂಲೆಯ ಕಲ್ಲುದೇವರಿಗೆ ಹಚ್ಚುವ ಕೆಂಪು ಸಿಂಧೂರ, ಇಲ್ಲಿಯವರ ಬಾಯಲ್ಲಿ ಶೆಂದೂರ, ತಂದು, ನೀರಲ್ಲಿ ಕಲಸಿ, ನೆಲಕ್ಕೆ ಬಳಿದರು. ಕಾಯಿ ಒಡೆದರು. ಗೇಣು ಪಕ್ಕದಿಂದ ಮಣ್ಣು ತೆಗೆದೆ, ಸಾಕೆಂದುಕೊಂಡೆ. ಷರಾ ಕಾಲಂ ಖಾಲಿ ಬಿಟ್ಟೆ. ಪೂಜೆ ಅಂತ ಬರೆದರೆ ಸರ್ ನಗುತ್ತಾರೆ.

ಫೆಬ್ರವರಿ 20
ರಿಸಲ್ಟ್ ಬಂತು! ಎಲ್ಲ ಕಡೆ ಸೀಸ ಹದಿನೈದು, ಇಪ್ಪತ್ತು ಪಿಪಿಎಂ. ಹದಿನೇಳರಲ್ಲಿ ಎಂಟುನೂರ ನಲವತ್ತು. ಸರ್ ಮುಖ ಅರಳಿತು. "ಹಳೇ ಕುಲುಮಿ ಕೆಲಸ ಇದು, ಪೂನಮ." ಹೊಲದ ಹೆಸರು, ಅಂಕಿ ಸಮೇತ ಪಂಚಾಯ್ತಿಗೂ ಪಟ್ಟಿ ಹೋಯಿತು. ಕಬ್ಬಿಣದ ಕುಲುಮೆಗೆ ಸೀಸ ಎಲ್ಲಿಂದ ಬಂತು... ಕೇಳಲಿಲ್ಲ. ನಾನೂ ಕುಣಿಯುತ್ತಿದ್ದೆ.

ಮಾರ್ಚ್ 3, ಮಧ್ಯಾಹ್ನ
ಆಯಿಯ ಮಗ ಮುರಗೆಪ್ಪನ ಫೋನ್. "ಮೇಡಮ್ಮಾರ, ವ್ಯಾಪಾರಿ ಅರಿಷಿಣ ಒಲ್ಲೆ ಅಂದಾನ್ರಿ. ನಿಮ್ಮ ಹೊಲದಾಗ ವಿಷ ಐತಿ ಅಂತಾನ. ಇಡೀ ವರ್ಷದ ಮಾಲು ಮನ್ಯಾಗ ಕುಂತೈತ್ರಿ."

ಫೋನ್ ಇಟ್ಟು, ನನ್ನ ರೂಮಿರುವ ರಾಯಬಾಗದ ಬೀದಿಯಲ್ಲಿ ಸುಮ್ಮನೆ ನಡೆದೆ. ಹನುಮಪ್ಪನ ಗುಡಿ ಮುಂದೆ ಕಾಲು ನಿಂತಿತು. ಮೂರ್ತಿಯ ಮೈತುಂಬ ಶೆಂದೂರ. ಶೆಂದೂರ ಅಂದರೆ ಸೀಸದ ಆಕ್ಸೈಡ್ — ಬಿಎಸ್ಸಿಯಲ್ಲೇ ಓದಿದ್ದು! ಥೂ ನನ್ನ ಬುದ್ಧಿಗಿಷ್ಟು. ಉಂಗುರ ತೆಗೆದಿಟ್ಟ ಜಾಣೆ ನಾನು.

ಮಾರ್ಚ್ 4
ಸರ್‌ಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. "ಒಂದ ಗುಂಡಿ ಸುಳ್ಳಾದ್ರ ನಲವತ್ತೂ ಸುಳ್ಳ ಅಂತಾರ. ಎಲ್ಲಾ ಮೊದಲಿಂದ ಅಗೀಬೇಕು. ಒಂದ ವರ್ಷ ಹೋತು ನಿಂದು. ವಿಚಾರ ಮಾಡು."

ಮಾರ್ಚ್ 6
ಎರಡು ದಿನ ವಿಚಾರ ಮಾಡಿದೆ. ಮಾಡಲು ಏನಿತ್ತು? ನಾಚಿಕೆಯಾಗುತ್ತಿದೆ.

ಮಾರ್ಚ್ 7
ಹದಿನೇಳರ ಸುತ್ತ ನಾಲ್ಕು ಹೊಸ ಗುಂಡಿ. ಆಯಿ ಸಂತೆಗೆ ಹೋದ ಹೊತ್ತು ನೋಡಿ, ಕಳ್ಳಿಯ ಹಾಗೆ ಅಗೆದೆ.

ಮಾರ್ಚ್ 19, ಸಂಜೆ 6
ನಾಲ್ಕಕ್ಕೆ ನಾಲ್ಕೂ ಹದಿನೆಂಟರ ಒಳಗೆ. ಮಣ್ಣು ಶುದ್ಧ. ಪಂಚಾಯ್ತಿಗೆ ತಿದ್ದುಪಡಿ ಪತ್ರ ಬರೆದೆ, ಸರ್ ಸಹಿ ಹಾಕಿದರು. ಒಂದು ವರ್ಷ ಹೋಯಿತು. ಹೋಗಲಿ.

ಪತ್ರದ ಪ್ರತಿ ಹಿಡಿದು ಹೊಲಕ್ಕೆ ಓಡಿದೆ. ಆಯಿ ಕಲ್ಲುದೇವರ ಮುಂದೆ ಕೂತಿದ್ದರು. ಎರಡೂ ಅಂಗೈ ಕೆಂಪು. "ಬಾ ತಂಗಿ. ದೇವ್ರು ಸಿಟ್ಟಾಗಿ ಮಣ್ಣ ಕೆಡಿಸ್ಯಾನ. ಅದಕ್ಕ ದಿನಾ ಹಚ್ಚಾಕತ್ತೀನಿ." ಅದೇ ಕೈ ಸೆರಗಿಗೆ ಒರೆಸಿ, ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ನನಗೆ ಚಾಚಿದರು. ತಾವೂ ಬಾಯಿಗಿಡುವವರಿದ್ದರು. ಕೈ ಹಿಡಿದುಬಿಟ್ಟೆ.

"ತಿನ್ನಬ್ಯಾಡ್ರಿ ಆಯಿ! ಮಣ್ಣ ಚೊಲೋ ಐತ್ರಿ. ವಿಷ ಇರೂದು ಈ ಶೆಂದೂರದಾಗ. ಅವತ್ತ ನೀವು ಹಚ್ಚಿದ್ದು ನಾ ಬರೀಲಿಲ್ರಿ. ತಪ್ಪಾತು."

ಬಿಂದಿಗೆಯ ನೀರು ಸುರಿದು, ಆ ಕೈಗಳನ್ನು ನಾನೇ ತಿಕ್ಕಿ ತೊಳೆದೆ. ಆಯಿ ತೊಳೆದ ಅಂಗೈ ತಿರುಗಿಸಿ ನೋಡಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು.

"ನಮ್ಮತ್ತಿ ಕಾಲದಿಂದ ಹಚ್ಚೇವಿ... ಇನ್ನ ದೇವ್ರಿಗೆ ಏನ್ ಹಚ್ಚೂದ ಬೇ?"

"ನಿಮ್ಮ ಹೊಲದ ಅರಿಷಿಣ ಹಚ್ಚರಿ."

"ವ್ಯಾಪಾರಿ ಒಲ್ಲೆ ಅಂದದ್ದನ್ನ ದೇವ್ರಿಗೆ ಕೊಡ್ಲೇನ?"

ನಾಳೆ ಪತ್ರ ಹಿಡಿದು ಆ ವ್ಯಾಪಾರಿಯ ಅಂಗಡಿಗೆ ನಾನೇ ಹೋಗುತ್ತೇನೆ.

ಈಗ ರೂಮಿನಲ್ಲಿ. ಫೀಲ್ಡ್ ಬುಕ್ ತೆರೆದಿದ್ದೇನೆ. ನಮೂನೆ 17, ಷರಾ. ಪೆನ್ಸಿಲ್ ಬೇಡ, ಪೆನ್ನಲ್ಲೇ — "ಅಗೆಯುವ ಮೊದಲು ಪೂಜೆ ನಡೆದಿದೆ. ನೆಲಕ್ಕೆ ಶೆಂದೂರ ಬಳಿದಿದ್ದಾರೆ. ತಪ್ಪು ಗಿರಿಜವ್ವ ಆಯಿಯದಲ್ಲ, ದೇವರದೂ ಅಲ್ಲ. ಅದು ಪೂರ್ತಿ ನನ್ನದು."