ಅಂಬುಜಾಳ ಬಣ್ಣ

3-2-86, ಸೋಮವಾರ, ಬೆಳಗ್ಗೆ

ನೈಟ್ ಶಿಫ್ಟ್ ಮುಗಿಸಿ ಬಂದು ಮತ್ತೆ ಸಾಣೆಕಲ್ಲಿನ ಮುಂದೆ ಕೂತೆ. ಗಂಧ ತೇಯ್ದೆ. ಮೆಡಿಕಲ್ ಸ್ಟೋರಿನ ಜಿಂಕ್ ಪುಡಿ, ಕೊಬ್ಬರಿ ಎಣ್ಣೆ ಸೇರಿಸಿ ಕಲಸಿದೆ. ಕಣ್ಣು ಎಳೆಯುತ್ತಿದೆ.

ಬಿಸಿಲು ಸೋಕಿದರೆ ಸಾಕು, ಅಂಬುಜಾಳ ಕೆನ್ನೆ, ಮೂಗು ಕೆಂಪೇರಿ ಊದಿಕೊಳ್ಳುತ್ತದೆ. ಹಿಂದೆಯೇ ಜ್ವರ. ಪೂರ್ತಿ ವಾಸಿಯಾಗುವಂಥದ್ದಲ್ಲ, ಬಿಸಿಲಿಂದ ಕಾಪಾಡಿಕೊಳ್ಳಿ ಅಂದರು ಡಾಕ್ಟರು. ಬಿಸಿಲು ತಡೆಯಲು ಜಿಂಕ್ ಹೇಳಿದ್ದೂ ಅವರೇ. ಗಂಧ ಮಾತ್ರ ನನ್ನದು, ತಂಪಿಗೆ.

ಹಚ್ಚಿಕೊಂಡು, ಕೊಡೆ ಹಿಡಿದು ಪಾಠ ಹೇಳಲು ಸ್ಕೂಲಿಗೆ ಹೋದಳು. ಸುಣ್ಣ ಬಳಿದ ಹಾಗಿತ್ತು ಮುಖ.

7-2-86, ಶುಕ್ರವಾರ

ಮುಖ ತೊಳೆದುಕೊಂಡೇ ಬಂದಳು. ಊದಿದೆ.

"ಮಕ್ಕಳು ಪಾಠ ಕೇಳಲ್ಲ ರೀ, ಮುಖಾನೇ ನೋಡ್ತಾ ಕೂತಿರ್ತವೆ. ಒಬ್ಬಳಂತೂ ಹೆದರಿ ಅತ್ತುಬಿಟ್ಟಳು. ನಲ್ಲಿ ಹತ್ರ ಹೋಗಿ ತೊಳ್ಕೊಂಡೆ."

ಅವಳ ಕ್ಲಾಸಿಗೆ ರೂಮಿಲ್ಲ. ಹೊಂಗೆ ಮರದ ಕೆಳಗೇ ಪಾಠ. ಮಧ್ಯಾಹ್ನವಾದರೆ ನೆರಳು ಸರಿದುಹೋಗುತ್ತದೆ. ಆಗದಿದ್ದರೆ ಕೆಲಸ ಬಿಡಿ ಅಂದರಂತೆ ಹೆಡ್‌ಮಿಸ್ಟ್ರೆಸ್.

"ಬಿಟ್ಟುಬಿಡು" ಅಂದೆ. ಸುಸ್ತಿನಲ್ಲಿ ಬಾಯಿಗೆ ಬಂದ ಮಾತು.

"ಬಿಟ್ಟು? ಕಿಟಕಿ ಮುಚ್ಕೊಂಡು ಒಳಗೇ ಕೂತಿರ್ಲಾ, ಸಾಯೋ ತನಕ?"



12-2-86, ಬುಧವಾರ

ತೊಂದರೆ ಇರುವುದು ಬಿಳಿ ಬಣ್ಣದಲ್ಲಿ. ಅದು ಅವಳ ಬಣ್ಣಕ್ಕೆ ಬಂದುಬಿಟ್ಟರೆ...

ಕೆಮ್ಮಣ್ಣು ನೆನೆಸಿ, ಹಳೆ ಪಂಚೆಯಲ್ಲಿ ಸೋಸಿ, ಒಣಗಿಸಿ, ಜಿಂಕಿಗೆ ಬೆರೆಸಿದೆ. ಡಾಕ್ಟರನ್ನು ಕೇಳಿದ್ದಕ್ಕೆ, ಮೊದಲು ನಿಮ್ಮ ಕೈಗೆ ಹಚ್ಚಿಕೊಂಡು ನೋಡಿ ಅಂದರು. ಉರಿಯಲಿಲ್ಲ. ಆದರೆ ಇಟ್ಟಿಗೆ ಬಣ್ಣ!

ಮಹಡಿ ಮನೆ ಕಲ್ಯಾಣಮ್ಮ ಇಣುಕಿದರು. "ಏನ್ರೀ ಅದು, ಬೆಳ್ಳಗಾಗೋ ಕ್ರೀಮಾ? ನಮ್ಮ ಹುಡುಗಿಗೂ ಸ್ವಲ್ಪ ಕೊಡಿ."

"ಇಲ್ಲಮ್ಮ, ಇದು ಕಪ್ಪಗಾಗೋದು."

ಅವರು ಬಿದ್ದು ಬಿದ್ದು ನಕ್ಕರು. ನನಗೆ ನಗುವುದಕ್ಕೂ ತ್ರಾಣವಿರಲಿಲ್ಲ.

16-2-86, ಭಾನುವಾರ

ರಜೆ. ಅಂಬುಜಾಳನ್ನು ಬಾಗಿಲ ಬೆಳಕಿಗೆ, ಬಿಸಿಲು ಬೀಳದ ಕಡೆ ಕೂರಿಸಿದೆ. ಅವಳ ಬಣ್ಣ ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ಹಣೆ ಒಂದು ಬಣ್ಣ, ಗಲ್ಲ ಇನ್ನೊಂದು. ಕಣ್ಣ ಕೆಳಗೆ ಕಂದು ನೆರಳು — ಯಾವಾಗ ಬಂತೋ.

ಚೂರು ಅರಿಶಿನ ಹಾಕಿದೆ. ಹಳದಿಯಾಯಿತು. ನುಣ್ಣಗೆ ಅರೆದ ಇದ್ದಿಲು ಒಂದು ಚಿಟಿಕೆ. ಮತ್ತೆ ಕೆಮ್ಮಣ್ಣು. ಮತ್ತೆ ಜಿಂಕ್.

"ಎಷ್ಟು ಹೊತ್ತು ನೋಡ್ತೀರಿ?"

"ಅಲ್ಲಾಡಬೇಡ."

"ಹೆಣ್ಣು ನೋಡೋಕೆ ಬಂದಾಗ ತಲೇನೇ ಎತ್ತಿರ್ಲಿಲ್ಲ ನೀವು."

ಸಂಜೆ ಹೊತ್ತಿಗೆ ಕೂಡಿತು. ಕೆನ್ನೆಗೆ ಹಚ್ಚಿದ್ದು ಎಲ್ಲಿ ಮುಗಿಯಿತು, ಎಲ್ಲಿ ಅವಳು ಶುರುವಾದಳು, ನನಗೇ ಕಾಣಲಿಲ್ಲ.

17-2-86, ಸೋಮವಾರ, ಸಂಜೆ

"ಏನಾಯ್ತು?"

"ಏನೂ ಆಗ್ಲಿಲ್ಲ. ಯಾರೂ ಏನೂ ಕೇಳ್ಲಿಲ್ಲ. ಮಗ್ಗಿ ಹೇಳಿಸ್ದೆ."

ಅಷ್ಟು ಹೇಳಿ, ಗೋಡೆಗೊರಗಿ ಅಲ್ಲೇ ನಿದ್ದೆ ಹೋದಳು. ಎಬ್ಬಿಸಲಿಲ್ಲ. ಅನ್ನಕ್ಕೆ ನಾನೇ ಇಟ್ಟೆ.

9-3-86, ಭಾನುವಾರ

ಬರೆಯಲು ಆಗಿರಲಿಲ್ಲ. ಶಿಫ್ಟು, ತೇಯುವುದು, ನಿದ್ದೆ. ರಟ್ಟೆ ನೋವು. ನಡುವೆ ಅವಳಿಗೆ ಒಮ್ಮೆ ಜ್ವರ ಬಂತು, ಬೇಗ ಬಿಟ್ಟಿತು. ಅವಳ ಸ್ಕೂಲಿನ ಕೆಲಸ ಉಳಿದುಕೊಂಡಿದೆ. ಕೆಂಪು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ.

ಇವತ್ತೂ ಅಭ್ಯಾಸಬಲದಿಂದ ಕಲ್ಲಿನ ಮುಂದೆ ಕೂತಿದ್ದೆ.

"ಬಿಡಿ ಅದನ್ನ. ಸಂಜೆ ಒಂದು ರೌಂಡ್ ಹೋಗ್ಬರೋಣ. ಏನೂ ಹಚ್ಕೊಳ್ಳಲ್ಲ, ಕೊಡೇನೂ ತರಲ್ಲ. ಬೇಡ ಅನ್ಬೇಡಿ."

ಈ ಕೆಂಪು ಕೆನ್ನೆಯಲ್ಲಿ ರಸ್ತೆಗೆ? ಬೇಡ ಅನ್ನಲಿಲ್ಲ. ಬಿಸಿಲು ಇಳಿಯಲಿ ಅಂದೆ.

ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಎದುರುಮನೆ ನೀರಿನ ಟ್ಯಾಂಕಿನ ಮೇಲೆ ಇನ್ನೂ ಒಂದಿಷ್ಟು ಬಿಸಿಲು. ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಈಗ ಅಂಚಿಗೆ ಬಂತು. ಈಗ ಇಲ್ಲ.

"ಹೋಯ್ತು ರೀ, ಬನ್ನಿ" ಅನ್ನುತ್ತಿದ್ದಾಳೆ. ಆಗಲೇ ಗೇಟು ತೆಗೆದ ಸದ್ದು —